ಎರಡು ಮಿಲಿಮೀಟರ್

ಕ್ಷೌರದಂಗಡಿಯ ಕುರ್ಚಿಯಲ್ಲಿ ಕತ್ತು ಹಿಂದಕ್ಕೆ ಚೆಲ್ಲಿ ಕೂತಿದ್ದ ಅವನ ಜೀವವೆಲ್ಲ ಎಡಗೆನ್ನೆಯ ಮಚ್ಚೆಯ ಮೇಲಿತ್ತು. ಹನ್ನೊಂದು ವರ್ಷದಿಂದ ಅದೇ ಕ್ಷೌರಿಕ, ಅದೇ ಮಚ್ಚೆ. ಒಂದು ದಿನವೂ ಕತ್ತಿ ಅದಕ್ಕೆ ತಗುಲಿದ್ದಿಲ್ಲ. ಆದರೂ ಪ್ರತಿ ಭಾನುವಾರ ಒಮ್ಮೆ ಎಚ್ಚರಿಸದಿದ್ದರೆ ಅವನಿಗೆ ಸಮಾಧಾನವಿಲ್ಲ. ಲೋಕದಲ್ಲಿ ಕೆಲಸ ಕೆಡುವುದೆಲ್ಲ ಸರಿಯಾದ ಹೊತ್ತಿಗೆ ಯಾರೋ ಒಬ್ಬರು ಎಚ್ಚರಿಸದೆ ಸುಮ್ಮನಿದ್ದುದರಿಂದ, ಆ ಒಬ್ಬರು ಸಾಮಾನ್ಯವಾಗಿ ತಾನೇ ಆಗಬೇಕಾಗುತ್ತದೆ, ಎಂದು ಅವನ ನಂಬಿಕೆ. ಕನ್ನಡಿಯಲ್ಲಿ ಕತ್ತಿ ಕೆನ್ನೆಗೆ ಇಳಿಯುವುದನ್ನು ನೋಡಿ, ಹೊದಿಸಿದ್ದ ಬಟ್ಟೆಯೊಳಗಿಂದ ಕೈ ಹೊರಗೆಳೆದು ಬೆರಳೆತ್ತಿ, ಎಡಗಡೆ ನಿಧಾನ, ಎಡಗಡೆ ಮಚ್ಚೆ ಇದೆ, ಎಂದ. ಕ್ಷೌರಿಕ ಕತ್ತಿಯನ್ನು ಗಾಳಿಯಲ್ಲೇ ನಿಲ್ಲಿಸಿದ. ಬೇಸರವೇನೂ ಇಲ್ಲದ ದನಿಯಲ್ಲಿ, "ಅದು ಕನ್ನಡಿಯೊಳಗೆ ಕೂತಿರೋರ ಎಡ ಸಾರ್. ನಿಮ್ಮ ಎಡಕ್ಕೆ ನಾನಿನ್ನೂ ಬಂದೇ ಇಲ್ಲ," ಎಂದು ಬಲಗೆನ್ನೆಯನ್ನು ಕೆರೆದು ಮುಗಿಸಿದ.

ಅವನು ನಗಬೇಕಿತ್ತು. ಪಕ್ಕದ ಕುರ್ಚಿಯವನು ನಕ್ಕೂ ಬಿಟ್ಟಿದ್ದ. ಆದರೆ ಅವನ ನಗು ತುಟಿಯವರೆಗೆ ಬಂದು ಅಲ್ಲೇ ಒಣಗಿತು. ಶುಕ್ರವಾರ ಮಧ್ಯಾಹ್ನದ ರಟ್ಟು ಕಣ್ಣಮುಂದೆ ಬಂದು ನಿಂತಿತು. ಅವನು ಕೆಲಸ ಮಾಡುವುದು ಆಂಬುಲೆನ್ಸು, ಅಗ್ನಿಶಾಮಕ ಗಾಡಿಗಳ ವೈರ್‌ಲೆಸ್ ಸೆಟ್ಟುಗಳನ್ನು ದುರಸ್ತಿ ಮಾಡುವ ಕಾರ್ಯಾಗಾರದಲ್ಲಿ. ಅಲ್ಲಿ ಅವನ ಹೆಸರು ಮಿಲಿಮೀಟರ್. ಯಾವುದೇ ಸೆಟ್ಟು ಬಿಚ್ಚುವ ಮೊದಲು ಒಂದು ರಟ್ಟಿನ ಮೇಲೆ ಅದರ ತಳದ ನಕ್ಷೆ ಬರೆದು, ಸ್ಕ್ರೂ ಇರುವ ಕಡೆಯೆಲ್ಲ ತೂತು ಚುಚ್ಚಿ, ಬಿಚ್ಚಿದ ಪ್ರತಿ ಸ್ಕ್ರೂವನ್ನೂ ಅದರದರ ತೂತಿನಲ್ಲೇ ನಿಲ್ಲಿಸುವುದು ಅವನ ಪದ್ಧತಿ. ಉಳಿದವರು ಚಹಾದ ಲೋಟಕ್ಕೆ ಹಾಕಿಡುತ್ತಿದ್ದರು. ಅವರನ್ನು ಅವನು ಮನುಷ್ಯರೆಂದು ಪೂರ್ತಿ ಒಪ್ಪಿರಲಿಲ್ಲ. ಶುಕ್ರವಾರ ಅವನ ಮೇಜಿನ ಮೇಲಿದ್ದದ್ದು ಮಾವ ಮನೆಯಲ್ಲಿಟ್ಟುಕೊಂಡಿದ್ದ ವೈರ್‌ಲೆಸ್ ಸೆಟ್ಟು. ತಳದಲ್ಲಿ ಆರು ಸ್ಕ್ರೂ. ಐದರ ಉದ್ದ ಆರು ಮಿಲಿಮೀಟರ್. ಮುಂದಿನ ಸಾಲಿನ ಎಡಗಡೆಯದು ಮಾತ್ರ ಎಂಟು, ಯಾಕೆಂದರೆ ಅದು ಒಳಗಿನ ಪಟ್ಟಿಯೊಂದನ್ನೂ ಹಿಡಿದುಕೊಳ್ಳಬೇಕು. ಕೆಲಸವೆಲ್ಲ ಮುಗಿದ ಮೇಲೆ, ಇಷ್ಟು ಮಾಡಿದವನು ಇನ್ನೊಂದು ಮಾಡಿಬಿಡೋಣ ಎಂದು, ಪ್ರತಿ ಸ್ಕ್ರೂವಿನ ತುದಿಗೂ ಒಂದು ಹನಿ ಎಣ್ಣೆ ಮುಟ್ಟಿಸಲು ರಟ್ಟನ್ನು ಮಗುಚಿದ್ದ. ಮತ್ತೆ ತಿರುಗಿಸಿರಲಿಲ್ಲ. ಮಗುಚಿದ ರಟ್ಟನ್ನೇ ನೋಡಿಕೊಂಡು ಒಂದೊಂದಾಗಿ ಕಿತ್ತು ಹಾಕಿದ್ದ. ಮಗುಚಿದ ರಟ್ಟಿನಲ್ಲಿ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ.

ಹಾಗಾದರೆ ಉದ್ದದ ಸ್ಕ್ರೂ ಈಗ ಬಲಗಡೆ ಇದೆ. ಬಲಗಡೆ ತೂತಿನ ನೇರ ಮೇಲೆ ಕೆಂಪು ತಂತಿಯೊಂದು ಹಾದುಹೋಗುತ್ತದೆ. ಸೆಟ್ಟಿನ ಶಕ್ತಿಯೆಲ್ಲ ಹರಿಯುವುದು ಅದರಲ್ಲೇ. ಎರಡು ಮಿಲಿಮೀಟರ್ ಹೆಚ್ಚಾದ ಮೊನೆ ಆ ತಂತಿಯ ಮೈಗೆ ಒತ್ತಿಕೊಂಡಿರುತ್ತದೆ. ಸುಮ್ಮನೆ ಕೇಳುತ್ತ ಕೂತರೆ ಏನೂ ಆಗದು. ಶುಕ್ರವಾರ ಹತ್ತು ನಿಮಿಷ ಹಚ್ಚಿ ನೋಡಿದಾಗಲೂ ಏನೂ ಆಗಿರಲಿಲ್ಲ. ಆದರೆ ಮೈಕ್ ಒತ್ತಿ ಮಾತಾಡಲು ತೊಡಗಿದರೆ ತಂತಿ ಬಿಸಿಯೇರುತ್ತದೆ, ಹೊದಿಕೆ ಮೆತ್ತಗಾಗುತ್ತದೆ, ಮೊನೆ ಒಳಗಿಳಿಯುತ್ತದೆ. ಆಮೇಲೆ ಒಂದು ಚಿಟ್ ಎಂಬ ಸದ್ದು, ಸುಟ್ಟ ವಾಸನೆ. ಹಾಗೆ ಸುಟ್ಟುಹೋಗುವ ಒಳಗಿನ ಭಾಗವನ್ನು ಜಪಾನಿನವರು ಮಾಡುವುದನ್ನು ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಮಾವನಿಗೆ ಎಂಬತ್ತೊಂದು. ಇನ್ನೊಂದು ಸೆಟ್ಟು ಕೊಳ್ಳುವ ವಯಸ್ಸಲ್ಲ, ಕೊಡಿಸಿದರೆ ಮುಟ್ಟುವ ಸ್ವಭಾವವೂ ಅಲ್ಲ. ಭಾನುವಾರ ನಾಲ್ಕು ಗಂಟೆಗೆ ಅವರು ಮೈಕ್ ಹಿಡಿಯುತ್ತಾರೆ. ಗೋಡೆಯ ಗಡಿಯಾರ ಎರಡೂವರೆ ತೋರಿಸುತ್ತಿತ್ತು. ಕನ್ನಡಿಯಲ್ಲಿ ಅದು ಒಂಬತ್ತೂವರೆ ಎಂದಂತೆ ಕಂಡು ಅವನಿಗೆ ಇನ್ನಷ್ಟು ಗಾಬರಿಯಾಯಿತು. ಎದ್ದೇ ಬಿಟ್ಟ. ಕ್ಷೌರಿಕ, ಇನ್ನರ್ಧ ಇದೆ ಸಾರ್, ಎಂದ. ಅದನ್ನು ಮುಂದಿನ ವಾರ ನೋಡೋಣ ಎಂದವನು ಎಡಗೆನ್ನೆಯ ನೊರೆಯನ್ನು ಅಂಗಿಯ ತೋಳಿಗೆ ಒರೆಸಿಕೊಂಡು ಬಸ್ ನಿಲ್ದಾಣದ ಕಡೆ ಓಡಿದ.

ಫೋನ್ ಮಾಡಿದ್ದರೆ ಎರಡು ಮಾತಿನಲ್ಲಿ ಮುಗಿಯುತ್ತಿತ್ತು. ನಿಲ್ದಾಣದ ಎದುರು ಅಂಗಡಿಯಲ್ಲಿ ಫೋನಿತ್ತು, ಅವನು ರಿಸೀವರ್ ಎತ್ತಿಯೂ ಇದ್ದ. ಆದರೆ ಆ ಎರಡು ಮಾತು ಯಾವುವು? ಇಪ್ಪತ್ತೆರಡು ವರ್ಷದ ಹಿಂದೆ ಅವನು ಆ ಮನೆಗೆ ಹೆಣ್ಣು ನೋಡಲು ಹೋದ ದಿನ, ಹಡಗಿನಲ್ಲಿ ವೈರ್‌ಲೆಸ್ ಆಫೀಸರ್ ಆಗಿದ್ದ ಮಾವ ಅವನ ಸಂಬಳ ಕೇಳಲಿಲ್ಲ, ಮನೆತನ ಕೇಳಲಿಲ್ಲ. ಮುಂದೆ ಒಂದು ಜಪಾನಿ ಸೆಟ್ಟನ್ನೂ ಮೂರು ಸ್ಕ್ರೂಡ್ರೈವರನ್ನೂ ಇಟ್ಟು ಕೈಕಟ್ಟಿ ಕೂತರು. ಮೂರರ ಮೂತಿಯೂ ಕೂಡಿಸುವ ಚಿಹ್ನೆಯ ಹಾಗೆ, ನೋಡುವವರ ಕಣ್ಣಿಗೆ ಒಂದೇ. ಆದರೆ ಎರಡರ ತುದಿ ಚೂಪು. ಜಪಾನಿ ಸ್ಕ್ರೂವಿನ ತಲೆಯಲ್ಲಿ ಅವು ತಳ ಮುಟ್ಟುವ ಮೊದಲೇ ಜಾರಿ ಅಂಚನ್ನು ಕೊರೆದುಹಾಕುತ್ತವೆ. ಮೂರನೆಯದರ ತುದಿ ಮೊಂಡು, ಅದು ಮಾತ್ರ ಪೂರ್ತಿ ಒಳಗೆ ಕೂರುತ್ತದೆ. ಅವನು ಸ್ಕ್ರೂವಿನ ತಲೆಯ ಮೇಲಿನ ಸಣ್ಣ ಚುಕ್ಕೆ ನೋಡಿ, ಇದು ಜಪಾನಿ ಎಂದು ಖಾತ್ರಿ ಮಾಡಿಕೊಂಡು, ಮೊಂಡನ್ನೇ ಎತ್ತಿಕೊಂಡ. ಮಾವ ಒಳಗೆ ತಿರುಗಿ, ಹುಡುಗಿಯನ್ನು ಕರೀರಿ, ಎಂದರು. ಅಪ್ಪನಿಗೆ ಬೇಕಾಗಿದ್ದದ್ದು ಅಳಿಯನಲ್ಲ, ರಿಪೇರಿಯವನು ಎಂದು ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ. ಮಾವ ಅಳಿಯ ಸ್ಕ್ರೂ ಬಿಟ್ಟು ಬೇರೆ ವಿಷಯ ಮಾತಾಡಿದ್ದೇ ಇಲ್ಲವೆನ್ನಬೇಕು. ಮಗಳು ಹುಟ್ಟಿದ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರೂ ನಾಲ್ಕು ಗಂಟೆ ವಾಷರುಗಳ ಬಗ್ಗೆ ಮಾತಾಡಿದ್ದರು. ನರ್ಸು ಬಂದು ಹೆಣ್ಣು ಮಗು ಎಂದಾಗ ಮಾವನ ಕಣ್ಣು ಒದ್ದೆಯಾಗಿ, ಹಲ್ಲಿನ ವಾಷರೇ ಒಳ್ಳೆಯದು, ಬಿಗಿ ಬಿಡುವುದಿಲ್ಲ, ಎಂದಿದ್ದರು. ಆ ಮನುಷ್ಯನಿಗೆ ಫೋನಿನಲ್ಲಿ, ನಾನು ಸ್ಕ್ರೂ ಅದಲುಬದಲು ಮಾಡಿದ್ದೇನೆ ಎಂದು ಹೇಳುವುದಕ್ಕಿಂತ ನಿಮ್ಮ ಮಗಳನ್ನು ಬಿಟ್ಟೆ ಎಂದು ಹೇಳುವುದು ಸುಲಭ. ಅವನು ರಿಸೀವರ್ ಇಟ್ಟು ಬಸ್ಸು ಹತ್ತಿದ. ಹೋಗಿ, ಏನಾದರೂ ನೆಪ ಹೇಳಿ, ಅವರ ಕಣ್ಣು ತಪ್ಪಿಸಿ ಎರಡು ನಿಮಿಷದಲ್ಲಿ ಬದಲಾಯಿಸಿಬಿಟ್ಟರೆ ಆಯಿತು. ಬೇರೆಯವರು ಪೆನ್ನು ಇಟ್ಟುಕೊಳ್ಳುವ ಜೇಬಿನಲ್ಲಿ ಅವನ ಮೊಂಡು ಸ್ಕ್ರೂಡ್ರೈವರ್ ಸದಾ ಇದ್ದೇ ಇರುತ್ತಿತ್ತು.

ಬಸ್ಸಿನಲ್ಲಿ ಎಡಗೆನ್ನೆಗೆ ಕರವಸ್ತ್ರ ಒತ್ತಿಕೊಂಡು ಕೂತ. ಪಕ್ಕದ ಹೆಂಗಸು ತುಸು ಹೊತ್ತು ನೋಡಿ, ಹಲ್ಲು ನೋವೇ ಎಂದು ವಿಚಾರಿಸಿದರು. ಹೌದೆಂದ. ಯಾವ ಹಲ್ಲು ಎಂದರು. ದವಡೆ ಹಲ್ಲು. ಮೇಲಿನದೋ ಕೆಳಗಿನದೋ? ಸುಳ್ಳು ಹೇಳಿ ಅಭ್ಯಾಸವಿಲ್ಲದವನು ಎರಡೂ ಎಂದ. ಅವರು ತಮ್ಮ ಮೈದುನನ ಹಲ್ಲಿನ ಕಥೆಯನ್ನು ಆರು ನಿಲ್ದಾಣದುದ್ದಕ್ಕೂ ಹೇಳಿದರು. ಅವನು ತಲೆಯಾಡಿಸುತ್ತ, ಶುಕ್ರವಾರ ಉದ್ದದ ಸ್ಕ್ರೂ ತಪ್ಪು ತೂತಿಗಿಳಿಯುವಾಗ ಕೈಗೆ ಯಾಕೆ ಗೊತ್ತಾಗಲಿಲ್ಲ ಎಂದು ಯೋಚಿಸುತ್ತಿದ್ದ. ಉತ್ತರ ಗೊತ್ತಿದ್ದೇ ಯೋಚಿಸುತ್ತಿದ್ದ. ಆ ಹೊತ್ತಿಗೆ ಅವನು ಸೋಲ್ಡರ್ ಅಕ್ಕನಿಗೆ ಪಾಠ ಹೇಳುತ್ತಿದ್ದ. ಕಾರ್ಯಾಗಾರದಲ್ಲಿ ಬೆಸುಗೆ ಹಾಕುವುದರಲ್ಲಿ ಆಕೆಯನ್ನು ಮೀರಿಸುವವರಿಲ್ಲ, ಅವನಿಗಿಂತ ಏಳು ವರ್ಷ ದೊಡ್ಡವರು. ಯಾವುದೋ ಅವಸರದಲ್ಲಿ ಚೂಪು ಸ್ಕ್ರೂಡ್ರೈವರ್ ಹಾಕಿ ಒಂದು ಜಪಾನಿ ಸ್ಕ್ರೂವಿನ ತಲೆ ತಿಂದಿದ್ದರು. ಅವನು ಆ ಸ್ಕ್ರೂವಿಗೆ ದಾರ ಕಟ್ಟಿ ಆಕೆಯ ಮೇಜಿನ ಮೇಲೆ ಪದಕದ ಹಾಗೆ ತೂಗುಹಾಕಿದ್ದ. ಎಲ್ಲರೂ ನಕ್ಕಿದ್ದರು. ಆಕೆ ನಗಲೂ ಇಲ್ಲ, ಕಿತ್ತೆಸೆಯಲೂ ಇಲ್ಲ. ಅದರ ಕೆಳಗೇ ತಲೆ ಬಗ್ಗಿಸಿ ಬೆಸುಗೆ ಹಾಕುತ್ತ ಕೂತರು. ಆ ಮೌನ ಸಹಿಸಲಾಗದೆ ಅವನು ಬೆನ್ನು ತಿರುಗಿಸಿ ಕೂತು, ಮಾವನ ಸೆಟ್ಟಿಗೆ ಸ್ಕ್ರೂ ಹಾಕುತ್ತಲೇ, ಅಕ್ಕಾ, ಸ್ಕ್ರೂ ಹಾಕುವಾಗ ಮನಸ್ಸು ಸ್ಕ್ರೂವಿನಲ್ಲೇ ಇರಬೇಕು, ಎಂದು ಕಾಲು ಗಂಟೆ ಉಪದೇಶ ಮಾಡಿದ್ದ. ಕರವಸ್ತ್ರದೊಳಗೆ ಅವನ ಮುಖ ಬಿಸಿಯಾಯಿತು. ಹೆಂಗಸು, ನೋವು ಜಾಸ್ತಿಯಾಯಿತೇ, ಎಂದರು. ಜಾಸ್ತಿಯಾಯಿತು ಎಂದ, ಅದು ನಿಜವಾಗಿತ್ತು.

ಬಾಗಿಲು ತೆರೆದ ಅತ್ತೆ ಅವನ ಮುಖವನ್ನು ಮೊದಲು ಬಲದಿಂದ, ಆಮೇಲೆ ಎಡದಿಂದ ನೋಡಿದರು. ಮನೆಯಲ್ಲಿ ಏನಾದರೂ ಜಗಳವೇ ಎಂದು ಕೇಳಿದರು. ಇಲ್ಲವೆಂದ. ಹಾಗಾದರೆ ಕ್ಷೌರಿಕನ ಜೊತೆ ಜಗಳವೇ ಎಂದರು. ಅವನು ಸುಮ್ಮನೆ ಈ ಕಡೆ ಬಂದಿದ್ದೆ ಎಂದು ಒಳಗೆ ನುಗ್ಗಿದ. ಮೂರೂಕಾಲು. ಮಾವ ಆಗಲೇ ಸೆಟ್ಟಿನ ಮುಂದೆ ಕೂತಾಗಿತ್ತು. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ, ಎದುರಿಗೆ ತೆರೆದ ದಿನಚರಿ. ಭಾನುವಾರ ನಾಲ್ಕಕ್ಕೆ ಹಳೆಯ ಹಡಗಿನ ಸ್ನೇಹಿತರೆಲ್ಲ ಒಂದೇ ತರಂಗದಲ್ಲಿ ಸೇರುವ ಪದ್ಧತಿ ಶುರುವಾದಾಗ ಒಂಬತ್ತು ಜನರಿದ್ದರು. ಒಬ್ಬೊಬ್ಬರೇ ಕಡಿಮೆಯಾಗಿ ಈಗ ಉಳಿದವರು ಇಬ್ಬರು: ಮಾವ, ಮತ್ತು ನಿವೃತ್ತಿಯ ನಂತರ ಹಟ ಹಿಡಿದು ವೈರ್‌ಲೆಸ್ ಪರೀಕ್ಷೆ ಪಾಸು ಮಾಡಿದ ಹಡಗಿನ ಅಡುಗೆಯವರು. ನಲವತ್ತು ವರ್ಷದ ಹಿಂದಿನ ಒಂದು ಬಿರುಗಾಳಿ ಯಾವ ವಾರ ಬಂದದ್ದು ಎಂಬ ಬಗ್ಗೆ ಇಬ್ಬರೂ ವಾರವಾರ ಜಗಳವಾಡುತ್ತಿದ್ದರು. ಯಾರಾದರೂ ನಾಲ್ಕಕ್ಕೆ ಉತ್ತರ ಕೊಡದಿದ್ದರೆ ಏನರ್ಥ ಎಂಬುದು ಅವರಲ್ಲಿ ಎಲ್ಲರಿಗೂ ಗೊತ್ತಿತ್ತು. ಹಿಂದಿನ ಏಳು ಜನರ ಸುದ್ದಿ ತಿಳಿದದ್ದೂ ಹಾಗೆಯೇ, ಕಾಗದ ಬರುವ ಮೊದಲು.

ಅವನು ನೆಪಗಳನ್ನು ಬಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದ. ಅರ್ಥಿಂಗ್ ಒಮ್ಮೆ ನೋಡಿಬಿಡುತ್ತೇನೆ ಎಂದ. ಶುಕ್ರವಾರ ಸಂಜೆ ಸೆಟ್ಟು ತಂದಿಟ್ಟಾಗ ನೀನೇ ನೋಡಿದೆ, ಆಮೇಲೆ ಭೂಮಿ ಎಲ್ಲಿಗೂ ಹೋಗಿಲ್ಲ, ಎಂದರು ಮಾವ. ಮೂಗರಳಿಸಿ, ಏನೋ ಸುಟ್ಟ ವಾಸನೆ ಬರುತ್ತಿದೆಯಲ್ಲ ಎಂದ. ಅವರೂ ಮೂಗರಳಿಸಿದರು, ಅದು ನಿನ್ನ ಕೆನ್ನೆಯ ಸೋಪು ಎಂದರು. ಅತ್ತೆ ಕರೆಯುತ್ತಿದ್ದಾರೆ ಎಂದ. ಅಷ್ಟರಲ್ಲಿ ಅತ್ತೆಯೇ ಕೈಯಲ್ಲಿ ರೇಜರು, ಟವೆಲು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಈ ಅವತಾರದಲ್ಲಿ ಅಳಿಯ ನಮ್ಮ ಮನೆಯಿಂದ ಹೊರಗೆ ಹೋಗಿದ್ದನ್ನು ಯಾರಾದರೂ ಕಂಡರೆ ಏನಂದುಕೊಂಡಾರು ಎಂದು ಬಚ್ಚಲಿಗೆ ತಳ್ಳಿಯೇ ಬಿಟ್ಟರು. ಅವನು ಬೇಡವೆನ್ನಬಹುದಿತ್ತು. ಆದರೆ ಅತ್ತೆಯ ಎದುರು ಬೇಡವೆಂದು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ. ಬಚ್ಚಲಿನ ನೀರು ಮೆಲ್ಲಗೆ ಬರುತ್ತಿತ್ತು, ರೇಜರು ಮಾವನದು, ಬ್ಲೇಡು ಯಾವ ಕಾಲದ್ದೋ. ಕನ್ನಡಿ ನೋಡಿಕೊಂಡು ಅವಸರದಲ್ಲಿ ಎಳೆದ. ಹನ್ನೊಂದು ವರ್ಷ ಕ್ಷೌರಿಕ ಕಾಪಾಡಿಕೊಂಡು ಬಂದ ಮಚ್ಚೆಯನ್ನು ಅವನು ಒಂದೇ ಎಳೆತಕ್ಕೆ ಕೊಯ್ದ. ರಕ್ತ ನಿಲ್ಲಲೇ ಇಲ್ಲ. ಅತ್ತೆ ಹತ್ತಿ ತಂದರು, ಹತ್ತಿ ನೆನೆಯಿತು, ಇನ್ನಷ್ಟು ಹತ್ತಿ ತಂದರು. ಇದರ ನಡುವೆ ಒಳಗಿನ ಕೋಣೆಯಿಂದ ಗರಗರ ಸದ್ದು, ಅದರ ಹಿಂದೆ ದೂರದ ಒಂದು ಮುದಿ ಗಂಟಲು ಕೇಳಿಸಿತು. ಅಡುಗೆಯವರು ಎಂದಿನಂತೆ ಐದು ನಿಮಿಷ ಮೊದಲೇ ಬಂದಿದ್ದರು.

ಅವನು ಕೆನ್ನೆಯ ಮೇಲೆ ಹತ್ತಿಯ ಮುದ್ದೆ ಒತ್ತಿಕೊಂಡೇ ಓಡಿದ. ಮಾವ ಮೈಕನ್ನು ಬಾಯಿಯ ಹತ್ತಿರ ತಂದಾಗಿತ್ತು, ಹೆಬ್ಬೆರಳು ಒತ್ತುಗುಂಡಿಯ ಮೇಲಿತ್ತು. ಅವನು ಆ ಕೈಯನ್ನೇ ಹಿಡಿದುಕೊಂಡ. ಇಪ್ಪತ್ತೆರಡು ವರ್ಷದಲ್ಲಿ ಮಾವನ ಕೈ ಮುಟ್ಟಿದ್ದು ಅದೇ ಮೊದಲು. ಅದು ಎಷ್ಟು ನಡುಗುತ್ತಿದೆ ಎಂದು ಅವನಿಗೆ ಗೊತ್ತಾಯಿತು. ಎರಡು ವರ್ಷದಿಂದ ಮಾವ ತಮ್ಮ ಸೆಟ್ಟನ್ನು ತಾವು ಬಿಚ್ಚದೆ ಅವನಿಗೆ ಕೊಡುತ್ತಿದ್ದರು. ಕನ್ನಡಕದ ನಂಬರು ಹೆಚ್ಚಾಗಿದೆ, ನಿನಗೂ ಕೈ ಪಳಗಲಿ, ಎಂದು ಕಾರಣ ಕೊಡುತ್ತಿದ್ದರು. ಅವನು ನಂಬಿದ್ದ. ಸ್ಕ್ರೂವಿನ ತಲೆಯ ಚುಕ್ಕೆ ಕಾಣುವ ಅವನ ಕಣ್ಣಿಗೆ ಇದು ಕಂಡಿರಲಿಲ್ಲ. ಜೋಡಿಸಿಕೊಂಡು ಬಂದ ನೆಪಗಳಲ್ಲಿ ಒಂದೂ ಉಳಿದಿರಲಿಲ್ಲ.

"ಒತ್ತಬೇಡಿ ಮಾವ. ಉದ್ದದ ಸ್ಕ್ರೂನ ಬಲಗಡೆ ಹಾಕ್ಬಿಟ್ಟಿದ್ದೀನಿ. ಕೆಂಪು ತಂತಿಗೆ ತಾಗ್ತಾ ಇರುತ್ತೆ."

ಮಾವ ಅವನನ್ನು, ಅವನ ಕೆನ್ನೆಯ ಹತ್ತಿಯನ್ನು, ಅಂಗಿಯ ತೋಳಿನ ಮೇಲೆ ಒಣಗಿದ ನೊರೆಯನ್ನು ನೋಡಿದರು.

"ಎಷ್ಟು ಹೆಚ್ಚು?"

"ಎರಡು ಮಿಲಿಮೀಟರ್."

"ಫೋನ್ ಮಾಡಬಾರದಿತ್ತಾ?"

ಅವನು ಜೇಬಿನ ಸ್ಕ್ರೂಡ್ರೈವರನ್ನು ಮುಟ್ಟಿ ನೋಡಿಕೊಂಡ. ನಾಚಿಕೆ ಎಂದರೆ ಇದೇ ಎಂದುಕೊಂಡ; ಸಾಯುವಂಥದ್ದೇನಲ್ಲ, ಆದರೆ ನಿಂತಲ್ಲಿ ನಿಲ್ಲಲಾಗುವುದಿಲ್ಲ. ಮಾವ ಬೈಯಲಿಲ್ಲ. ಗಡಿಯಾರ ನೋಡಿ ಸೆಟ್ಟನ್ನು ಆರಿಸಿದರು. ಅಡುಗೆಯವರ ದನಿ ಕರೆಯುತ್ತಿದ್ದಂತೆಯೇ ಮಧ್ಯದಲ್ಲಿ ನಿಂತುಹೋಯಿತು. ನಾಲ್ಕಕ್ಕೆ ಎರಡು ನಿಮಿಷವಿತ್ತು. ಅವನು ತಂತಿಗಳನ್ನು ಕಿತ್ತು, ಸೆಟ್ಟನ್ನು ಟವೆಲಿನ ಮೇಲೆ ಮಗುಚಿ, ಜೇಬಿನಿಂದ ಮೊಂಡು ಸ್ಕ್ರೂಡ್ರೈವರ್ ತೆಗೆದ. ಮೊದಲು ಬಲಗಡೆಯದನ್ನು ಬಿಚ್ಚಿದ. ಬಂದದ್ದು ಉದ್ದದ್ದೇ, ಅದರ ತುದಿಗೆ ಕೂದಲೆಳೆಯಷ್ಟು ಕೆಂಪು ಅಂಟಿತ್ತು. ತಳದ ತಗಡನ್ನು ಬಿಚ್ಚಿ ನೋಡಿದರು. ತಂತಿಯ ಹೊದಿಕೆಯ ಮೇಲೆ ಉಗುರು ಒತ್ತಿದಂಥ ಗುರುತು, ತೂತಾಗಿರಲಿಲ್ಲ. ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು. ತಗಡನ್ನು ಮತ್ತೆ ಕೂರಿಸಿ, ಈ ಸಲ ರಟ್ಟಿಲ್ಲದೆ, ಒಂದೊಂದನ್ನೂ ಬಾಯಲ್ಲಿ ಎಣಿಸುತ್ತ ಐದನ್ನು ಹಾಕಿದ. ಉದ್ದದ್ದು ಎಡಕ್ಕೆ ಸೇರಿತು. ಉಳಿದದ್ದು ಬಲಗಡೆಯ ಚಿಕ್ಕದೊಂದು. ನಾಲ್ಕು ದಾಟಿ ಮೂರು ನಿಮಿಷವಾಗಿತ್ತು. ಅದನ್ನು ಎತ್ತಿಕೊಳ್ಳುವಷ್ಟರಲ್ಲಿ ಮಾವ ಕೈಯೊಡ್ಡಿದರು.

"ಇದೊಂದು ನಾನು ಹಾಕ್ತೀನಿ."

ಅವನು ಗಡಿಯಾರದ ಕಡೆ ನೋಡಿದ. ಅಲ್ಲಿ ಅಡುಗೆಯವರು ಕರೆಯುತ್ತಲೇ ಇರುತ್ತಾರೆ. ಎರಡು ಸಲ ಕರೆದು, ಮೂರನೆಯ ಸಲ ಕರೆಯುವ ಮೊದಲು ಒಂದಷ್ಟು ಹೊತ್ತು ಸುಮ್ಮನಾಗುತ್ತಾರೆ. ಅವನ ಕೈಯಲ್ಲಾದರೆ ಹತ್ತು ಸೆಕೆಂಡಿನ ಕೆಲಸ. ಮಾವನ ಕೈ ಚಾಚಿಕೊಂಡೇ ಇತ್ತು, ನಡುಗುತ್ತಲೇ ಇತ್ತು, ಈಗ ಅವರು ಅದನ್ನು ಮುಚ್ಚಿಡಲು ನೋಡುತ್ತಿರಲಿಲ್ಲ. ಅವನು ಸ್ಕ್ರೂಡ್ರೈವರನ್ನು ಅವರ ಅಂಗೈಯಲ್ಲಿಟ್ಟ. ಸ್ಕ್ರೂ ಮೊದಲ ಸಲ ಟವೆಲಿಗೆ ಬಿತ್ತು, ಎರಡನೆಯ ಸಲ ಅವರ ಮಡಿಲಿಗೆ. ಮೂರನೆಯ ಸಲ ತೂತಿನ ಮೇಲೆ ನಿಂತಿತು. ಮೊದಲು ಹಿಂದಕ್ಕೆ ತಿರುಗಿಸಬೇಕು, ಸುರುಳಿ ಸುರುಳಿಗೆ ಸೇರಿ ಟಿಕ್ಕೆಂದಾಗ ಮುಂದಕ್ಕೆ ತಿರುಗಿಸಬೇಕು. ಇದನ್ನು ಅವನು ಕಾರ್ಯಾಗಾರದಲ್ಲಿ ಎಲ್ಲರಿಗೂ ಎಷ್ಟು ಸಲ ಹೇಳಿದ್ದಾನೋ ಲೆಕ್ಕವಿಲ್ಲ. ಮಾವ ನೇರ ಮುಂದಕ್ಕೇ ತಿರುಗಿಸಿದರು. ಸ್ಕ್ರೂ ಓರೆಯಾಗಿ ಹಿಡಿದುಕೊಂಡಿತು. ಒಣದಾಗಿ ಕಿರ್ರೆಂದಿತು, ಲೋಹ ಲೋಹವನ್ನು ತಿನ್ನುವ ಆ ಸದ್ದಿಗೆ ಅವನು ಜೀವಮಾನದಲ್ಲಿ ಒಮ್ಮೆಯೂ ಸುಮ್ಮನಿದ್ದವನಲ್ಲ. ಬಾಯಿ ತೆರೆಯಿತು. ಮಾವನ ಹಣೆಯಲ್ಲಿ ಬೆವರಿತ್ತು, ತುಟಿ ಬಿಗಿದಿತ್ತು, ಮುಖದಲ್ಲಿ ಅವನು ಹಿಂದೆಂದೂ ಕಾಣದ ಒಂದು ಹಟವಿತ್ತು. ಅವನು ಬಾಯಿ ಮುಚ್ಚಿ, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಆ ಸದ್ದನ್ನು ಕೊನೆಯವರೆಗೆ ಕೇಳಿದ. ಹಲ್ಲಿಗೆ ಹಲ್ಲು ಒತ್ತಿ ಕೂತಿದ್ದರಿಂದ ದವಡೆ ನಿಜವಾಗಿಯೂ ನೋಯತೊಡಗಿತು.

ಮುಗಿಯಿತು. ಮಾವ ಸ್ಕ್ರೂಡ್ರೈವರ್ ಕೆಳಗಿಟ್ಟು ಹೆಬ್ಬೆರಳಿನಿಂದ ಸ್ಕ್ರೂವಿನ ತಲೆಯನ್ನು ಸವರಿದರು. ಒಂದು ಬದಿ ತಗಡಿಗೆ ಕೂತಿತ್ತು, ಇನ್ನೊಂದು ಬದಿ ಎದ್ದಿತ್ತು. ಕುರುಡರಿಗೂ ತಿಳಿಯುವ ಹಾಗೆ ಎದ್ದಿತ್ತು. ಬೆರಳು ಆ ಎದ್ದ ಅಂಚಿನ ಮೇಲೆ ಎರಡು ಸಲ ಓಡಾಡಿತು.

"ಸೊಟ್ಟ ಹೋಯ್ತೇನೋ?"

"ಇಲ್ಲ ಮಾವ," ಎಂದ. "ನೇರವಾಗಿದೆ."

ಸ್ಕ್ರೂವಿನ ವಿಷಯದಲ್ಲಿ ಅವನು ಹೇಳಿದ ಮೊದಲ ಸುಳ್ಳು ಅದು. ದನಿ ಕೊಂಚ ಜೋರಾಗಿಯೇ ಬಂದಿತ್ತು. ಮಾವ ತಲೆಯೆತ್ತಿ ಅವನನ್ನೇ ನೋಡಿದರು. ಆಮೇಲೆ ಇಬ್ಬರೂ ಸೇರಿ ಸೆಟ್ಟನ್ನು ಎತ್ತಿ ನಿಲ್ಲಿಸಿದರು. ಅವನು ತಂತಿಗಳನ್ನು ಸಿಕ್ಕಿಸಿದ, ಅವರು ಹಚ್ಚಿದರು. ಗರಗರದ ನಡುವೆ ಮೊದಲು ಏನೂ ಇರಲಿಲ್ಲ. ಬಾಗಿಲಲ್ಲಿ ಅತ್ತೆ ಹತ್ತಿಯ ಉಂಡೆ ಹಿಡಿದು ನಿಂತಿದ್ದರು. ಮಾವ ಗುಂಡಿಯನ್ನು ಒಂದು ಕೂದಲೆಳೆಯಷ್ಟು ತಿರುಗಿಸಿದರು. ಆಗ ದೂರದ ಗಂಟಲು ಬಂತು. ಕರೆಯುತ್ತಿರಲಿಲ್ಲ, ಸುಮ್ಮನೆ ಮಾವನ ಹೆಸರನ್ನು ಒಂದೇ ಸಮನೆ ಹೇಳುತ್ತಿತ್ತು, ಕತ್ತಲೆ ಕೋಣೆಯಲ್ಲಿ ಯಾರನ್ನೋ ತಡಕುವವರ ಹಾಗೆ. ಮಾವ ಮೈಕ್ ಒತ್ತಿ ಇದ್ದೀನಿ ಎಂದರು. ಆ ಕಡೆ ಅಡುಗೆಯವರು ಮೂಗು ಸೀಟಿ, ಹದಿಮೂರು ನಿಮಿಷ ಎಲ್ಲಿ ಹಾಳಾಗಿ ಹೋಗಿದ್ದೆ ಎಂದು ಬೈಯತೊಡಗಿದರು. ಉಸಿರು ಸಿಗುವವರೆಗೂ ಬೈದರು. ಮಾವ ಮುಗಿಯುವ ತನಕ ಕಾದು ಮತ್ತೆ ಒತ್ತಿದರು. ಅವನ ಕಡೆ ನೋಡಲಿಲ್ಲ.

"ಒಂದು ಸ್ಕ್ರೂ ಹಾಕ್ತಾ ಇದ್ದೆ ಕಣೋ. ನಾನೇ ಹಾಕ್ದೆ, ಈ ಕೈಯಲ್ಲೇ. ನೇರವಾಗಿದೆ ಅಂತಾನೆ ನನ್ನ ಅಳಿಯ."